ಬ್ರೇಕ್ ಸಿಲಿಂಡರ್: ಕಿಟ್ ಹಾಕುವುದೋ, ಹೊಸದೇ ತರುವುದೋ?

ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ತೋಟದ ಜೀಪನ್ನು ಕಾಫಿ ಕುಯ್ಲಿಗೆ ಮುಂಚೆ ಹೊರಗೆ ತೆಗೆದಾಗ ಬ್ರೇಕಿನ ತೊಂದರೆ ಮೂರು ರೂಪದಲ್ಲಿ ಕಾಣುತ್ತದೆ: ಚಕ್ರದ ಒಳಬದಿ ಒದ್ದೆ, ಪೆಡಲ್ ಮೆತ್ತಗೆ, ಇಲ್ಲವೇ ಒಂದೇ ಚಕ್ರ ಬಿಸಿ. ಒಳಗಿನ ರಬ್ಬರ್ ಭಾಗಗಳ ಕಿಟ್ ಸಾಕೋ, ಸಿಲಿಂಡರೇ ಹೊಸದು ಬೇಕೋ ಎಂಬುದು ಬಿಚ್ಚದೆ ತಿಳಿಯುವುದಿಲ್ಲ. ಬಿಚ್ಚಿದ ಮೇಲೆ ಹೆಚ್ಚಿನವರು ನೋಡುವುದು ರಬ್ಬರನ್ನು. ಆದರೆ ರಬ್ಬರ್ ಹೇಗಿದ್ದರೂ ಬದಲಾಗುತ್ತದೆ. ನೋಡಬೇಕಾದ್ದು ಲೋಹವನ್ನು, ಅದರಲ್ಲೂ ಇಷ್ಟು ದಿನ ರಬ್ಬರ್ ಓಡಾಡದೆ ಬಿಟ್ಟಿದ್ದ ಜಾಗವನ್ನು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಅದು ಬೇಗ ಕೆಡುವುದು ಸಹಜ. ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂದಾಗ ದಾಟಿಸಿದ ಗಾಡಿಯಾದರೆ ಸಿಲಿಂಡರಿನ ಬಾಯಿಗೆ ಧೂಳು ತಡೆಯಲು ಹಾಕಿದ ಡಸ್ಟ್ ರಬ್ಬರ್ ಹರಿದಿದ್ದರೆ ಅದರ ಮೂಲಕ ಹೊರಗಿನ ನೀರೂ ಕೆಸರೂ ಸೇರಿರುತ್ತದೆ. ಕಪ್ಪು ಮಡ್ಡಿ ಕೆಳಗೆ ಕೂರುವುದರಿಂದ ಸಿಲಿಂಡರಿನ ತಳಭಾಗದಲ್ಲೇ ಮೊದಲು ತುಕ್ಕು ಹಿಡಿದು ಗುಳಿ ಬೀಳುತ್ತದೆ.

ಬಿಚ್ಚುವ ಮುಂಚೆ

ಏರ್ ತೆಗೆಯುವ ನಿಪ್ಪಲನ್ನು ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ಮರುದಿನ ಸರಿಯಾದ ಸ್ಪ್ಯಾನರಿನಲ್ಲಿ ಮೆಲ್ಲಗೆ ಆಡಿಸಿ ನೋಡಿ. ಎಣ್ಣೆ ರಬ್ಬರಿಗೂ ಲೈನರಿಗೂ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ತಾಗಬಾರದು. ನಿಪ್ಪಲ್ ಮುರಿದರೆ ಆ ಸಿಲಿಂಡರ್ ಹೊಸದಾಗಲೇಬೇಕು. ಒಳಗೆ ಎಷ್ಟು ಚೆನ್ನಾಗಿದ್ದರೂ ಡ್ರಿಲ್ ಮಾಡಿ ಉಳಿಸಿಕೊಳ್ಳುವ ಸಾಹಸ ಬೇಡ. ಪೈಪಿನ ನಟ್ ಜೊತೆ ಪೈಪೂ ತಿರುಗುತ್ತಿದ್ದರೆ ಪೈಪನ್ನೂ ಪಟ್ಟಿಗೆ ಸೇರಿಸಿ. ಚಕ್ರ ಬಿಚ್ಚಿಟ್ಟು, ಬೇಕಾದ ಸಾಮಾನು ಮೈಸೂರಿನಿಂದ ಬರಲಿ ಎಂದು ಎರಡು ದಿನ ಕಾಯುವುದಕ್ಕಿಂತ ಈ ಹತ್ತು ನಿಮಿಷದ ಪರೀಕ್ಷೆ ಮೇಲು.

ಚಕ್ರ ಬಿಡದೆ ಹಿಡಿದುಕೊಂಡಿದ್ದರೆ ಜಾಕ್ ಕೊಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಆ ಚಕ್ರದ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರಿನದು (ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಒತ್ತುವ ಭಾಗ) ತಪ್ಪಲ್ಲ. ಒತ್ತಡ ವಾಪಸು ಹೋಗದೆ ಸಿಕ್ಕಿಕೊಂಡಿದೆ. ನಿಪ್ಪಲ್ ಮುಚ್ಚಿ, ಪೆಡಲ್ ಒತ್ತಿ ಮತ್ತೆ ಹಿಡಿಯುವಂತೆ ಮಾಡಿ, ಈಗ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಹತ್ತಿರ ಪೈಪ್ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರಿನದು, ಅಥವಾ ಪೆಡಲಿಗೆ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ) ಇಲ್ಲ. ಬಿಡದಿದ್ದರೆ ನಡುವಿನ ರಬ್ಬರ್ ಹೋಸ್ ಒಳಗೇ ಉಬ್ಬಿ ಮುಚ್ಚಿಕೊಂಡಿದೆ. ನಿಪ್ಪಲ್ ಬಿಟ್ಟರೂ ಚಕ್ರ ತಿರುಗದಿದ್ದರೆ ಮಾತ್ರ ಪಿಸ್ಟನ್ ಅಥವಾ ಸ್ಲೈಡ್ ಪಿನ್ (ಕ್ಯಾಲಿಪರ್ ಜಾರಾಡುವ ಕಡ್ಡಿ) ಜಾಮ್. ಮೊದಲು ಪಿನ್ ನೋಡಿ. ಅದನ್ನು ತೊಳೆದು ಸಿಲಿಕಾನ್ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಕಿಟ್ಟೂ ಬೇಡ, ಕ್ಯಾಲಿಪರೂ ಬೇಡ.

ವೀಲ್ ಸಿಲಿಂಡರ್

ಡ್ರಮ್ ಬ್ರೇಕಿನಲ್ಲಿ ಲೈನರನ್ನು ಡ್ರಮ್ಮಿಗೆ ಒತ್ತುವುದು ಇದು. ಡಸ್ಟ್ ರಬ್ಬರಿನ ಅಂಚು ಎತ್ತಿ ನೋಡಿ. ತುಸು ಪಸೆ ಇದ್ದರೆ ಪರವಾಗಿಲ್ಲ, ಹನಿ ಇಳಿದರೆ ಬಿಚ್ಚಲೇಬೇಕು. ಡ್ರಮ್ಮಿನ ಧೂಳನ್ನು ಊದಬೇಡಿ, ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು. ನೀರಿನಿಂದ ಒದ್ದೆ ಮಾಡಿ ಒರೆಸಿ. ಪಿಸ್ಟನ್, ಬಕೆಟ್ ವಾಷರ್ (ಆಯಿಲ್ ತಡೆಯುವ ಬಟ್ಟಲಿನಾಕಾರದ ರಬ್ಬರ್), ಸ್ಪ್ರಿಂಗ್ ಹೊರಗೆ ತೆಗೆದು ಸಿಲಿಂಡರನ್ನು ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲಿನಲ್ಲಿ ಮಾತ್ರ ತೊಳೆಯಿರಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ, ಅದರ ಪಸೆ ಉಳಿದರೆ ಹೊಸ ರಬ್ಬರ್ ಉಬ್ಬುತ್ತದೆ.

ಈಗ ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬಣ್ಣ ಮಾಸಿದ ಕಂದು ಪಟ್ಟೆ ದೋಷವಲ್ಲ. ಬೆರಳಿನ ಉಗುರು ಎಳೆದಾಗ ಎಲ್ಲಾದರೂ ತಡೆದರೆ ಅದು ಗುಳಿ. ಪಟ್ಟೆಯಷ್ಟೇ ಇದ್ದರೆ 600 ನಂಬರಿನ ಎಮರಿ ಪೇಪರನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ, ಸುತ್ತು ಸುತ್ತಾಗಿ ತಿರುಗಿಸುತ್ತ ಉಜ್ಜಿ. ಉದ್ದುದ್ದ ಉಜ್ಜಿದರೆ ಆ ಗೀರೇ ಆಯಿಲಿಗೆ ಕಾಲುವೆಯಾಗುತ್ತದೆ. ಉಜ್ಜಿದ ಮೇಲೆ ಮತ್ತೆ ತೊಳೆದು, ರಬ್ಬರ್ ಇಲ್ಲದೆ ಬರೀ ಪಿಸ್ಟನ್ ಒಳಗಿಟ್ಟು, ಪಕ್ಕದಲ್ಲಿ ಸಂದು ಅಳೆಯುವ ಫೀಲರ್ ಗೇಜಿನ 0.15 ಮಿ.ಮೀ. ದಪ್ಪದ ಕಿರಿದಾದ ಪಟ್ಟಿ ತೂರುತ್ತದೆಯೇ ನೋಡಿ. ತೂರಿದರೆ ಸಿಲಿಂಡರ್ ಸವೆದಿದೆ, ಕಿಟ್ ದಂಡ.

ಇಲ್ಲೇ ಹೆಚ್ಚಿನವರು ಎಡವುವುದು. ಗುಳಿ ಸಿಲಿಂಡರಿನ ನಡುಭಾಗದಲ್ಲಿದೆ, ವಾಷರ್ ಅಲ್ಲಿಗೆ ಹೋಗುವುದೇ ಇಲ್ಲ, ಹಾಗಾಗಿ ಸೋರುವುದಿಲ್ಲ ಎಂಬ ಲೆಕ್ಕ. ಲೈನರ್ ಸವೆದಿದ್ದಾಗ ಆ ಲೆಕ್ಕ ಸರಿ, ಪಿಸ್ಟನ್ ಎರಡೂ ಹೊರಗೆ ಬಂದು ಕೂತಿರುತ್ತವೆ. ದಪ್ಪ ಇರುವ ಹೊಸ ಲೈನರ್ ಹಾಕಿದೊಡನೆ ಪಿಸ್ಟನ್ನುಗಳು ಒಳಗೆ ಸರಿಯುತ್ತವೆ, ವಾಷರಿನ ಅಂಚು ನೇರ ಆ ಗುಳಿಯ ಮೇಲೆ ಬಂದು ಕೂರುತ್ತದೆ. ಲೈನರ್ ಬದಲಿಸಿದ ವಾರದಲ್ಲೇ ಸೋರಿಕೆ ಶುರುವಾದರೆ ಲೈನರನ್ನು ಬೈದು ಪ್ರಯೋಜನವಿಲ್ಲ. ನಡುವೆ ಗುಳಿ ಇದ್ದರೂ ಸಿಲಿಂಡರ್ ಹೊಸದೇ ಹಾಕಿ.

ಚಿಕ್ಕ ಕಾರಿನ ವೀಲ್ ಸಿಲಿಂಡರಿಗೆ, ನಿಜ ಹೇಳಬೇಕೆಂದರೆ, ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಕೆಲಸದ ಕೂಲಿಯ ಮುಂದೆ ಹೊಸದರ ಬೆಲೆ ದೊಡ್ಡದಲ್ಲ. ಕಿಟ್ಟಿನ ಲೆಕ್ಕ ಹೊಂದುವುದು ಸಾಮಾನು ಸುಲಭವಾಗಿ ಸಿಗದ ಹಳೆಯ ಜೀಪಿಗೆ, ಕ್ಯಾಲಿಪರಿಗೆ.

ಕಿಟ್ ಕೊಳ್ಳುವಾಗ ಹಳೆಯ ಪಿಸ್ಟನ್ ಜೊತೆಗೆ ಒಯ್ಯಿರಿ. 19.05 ಮತ್ತು 20.64 ಮಿ.ಮೀ. ಅಳತೆಯ ವಾಷರುಗಳು ಕಣ್ಣಿಗೆ ಒಂದೇ. ಎಡ ಬಲ ಎರಡಕ್ಕೂ ಒಟ್ಟಿಗೇ ಕೆಲಸ ಮಾಡಿ.

ಕ್ಯಾಲಿಪರ್

ಸಾಮಾನ್ಯ ಡಿಸ್ಕ್ ಬ್ರೇಕಿನ ಕ್ಯಾಲಿಪರಿನಲ್ಲಿ ಲೆಕ್ಕ ತಿರುವುಮುರುವು. ಸೀಲ್ ಒಳಗೋಡೆಯ ತೋಡಿನಲ್ಲಿ ನಿಂತಲ್ಲೇ ಇರುತ್ತದೆ, ಓಡಾಡುವುದು ಪಿಸ್ಟನ್. ಹಾಗಾಗಿ ಗೋಡೆ ಕಪ್ಪಾಗಿದ್ದರೆ ಚಿಂತೆಯಿಲ್ಲ, ಪಿಸ್ಟನ್ ಮೈ ನುಣುಪಾಗಿರಬೇಕು. ಪಿಸ್ಟನ್ ಹೊರಗೆ ತರಲು ಹೋಸ್ ಬಿಚ್ಚುವ ಮೊದಲೇ ಪೆಡಲ್ ಒತ್ತಿ. ಎದುರಿಗೆ ಮರದ ತುಂಡು ಇಡಿ, ಬೆರಳು ಇಡಬೇಡಿ.

ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ. ಪಿಸ್ಟನ್ ಬಾಯಿ ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಹೊರಗಿದ್ದ ಆ ಭಾಗಕ್ಕೆ ತುಕ್ಕು ಹಿಡಿಯುತ್ತದೆ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿದರೆ ಆ ತುಕ್ಕು ಸೀಲನ್ನು ಅರದಂತೆ ಕೆರೆಯುತ್ತದೆ. ಕ್ರೋಮ್ ಎದ್ದ ಪಿಸ್ಟನ್ನನ್ನು ಎಮರಿಯಲ್ಲಿ ಉಜ್ಜಿ ಉಳಿಸಲಾಗದು. ಕೆಲವು ಗಾಡಿಗಳಿಗೆ ಪಿಸ್ಟನ್ ಬಿಡಿಯಾಗಿ ಸಿಗುತ್ತದೆ. ಕಿಟ್ ಜೊತೆ ಅದನ್ನು ಹಾಕಿದರೆ ಹಳೆಯ ಕ್ಯಾಲಿಪರೇ ಸಾಕು. ಸೀಲ್ ಕೂರುವ ತೋಡಿನ ತಳವೇ ತುಕ್ಕು ತಿಂದಿದ್ದರೆ ಮಾತ್ರ ಕ್ಯಾಲಿಪರ್ ಬದಲಿಸಿ. ತೋಡಿನ ಕೊಳೆಯನ್ನು ಬಿದಿರ ಕಡ್ಡಿಯಿಂದ ಕೆರೆದು ತೆಗೆಯಿರಿ, ಸ್ಕ್ರೂಡ್ರೈವರ್ ಬೇಡ. ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ ಹಚ್ಚಿದರೆ ಪಿಸ್ಟನ್ ಕೈಯೊತ್ತಿಗೇ ಒಳಗೆ ಹೋಗಬೇಕು. ಸುತ್ತಿಗೆ ನೆನಪಾದರೆ ಸೀಲ್ ತಿರುಚಿದೆ ಎಂದರ್ಥ.

ಮಾಸ್ಟರ್ ಸಿಲಿಂಡರ್

ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮ ಒಂದು ನಿಮಿಷ ಒತ್ತಿ ಹಿಡಿಯಿರಿ. ಹೊರಗೆಲ್ಲೂ ಸೋರಿಕೆ ಇಲ್ಲದೆ ಪೆಡಲ್ ಮೆಲ್ಲಗೆ ಕೆಳಗಿಳಿದರೆ ಆಯಿಲ್ ಒಳಗೇ ವಾಷರ್ ದಾಟುತ್ತಿದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿದಾಗ ಮಾತ್ರ ಪೆಡಲ್ ತಳಕ್ಕೆ ಹೋಗಿ, ಆರಿದ ಮೇಲೆ ಸರಿಯಾಗುವುದು ಬೇರೆ ರೋಗ: ತೇವ ಹೀರಿದ ಆಯಿಲ್ ಕುದ್ದು ಆವಿಯಾಗುವುದು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯದೆ ತಾಳಬೇಕು, ನೀರು ಕುಡಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಇದಕ್ಕೆ ಮದ್ದು ಹೊಸ ಆಯಿಲ್ ಮತ್ತು ಇಳಿಜಾರಿನಲ್ಲಿ ಕೆಳಗಿನ ಗೇರ್. ಮಾಸ್ಟರ್ ಬದಲಿಸಿದರೆ ರೋಗ ಹೋದಂತೆ ಕಾಣುವುದು ಜೊತೆಗೆ ಆಯಿಲೂ ಬದಲಾದದ್ದರಿಂದ.

ಹಳೆಯ ಜೀಪಿನ ಬೀಡುಕಬ್ಬಿಣದ ಮಾಸ್ಟರ್ ನುಣುಪಾಗಿದ್ದರೆ ಕಿಟ್ ಹಾಕಬಹುದು. ಅಲ್ಯೂಮಿನಿಯಂ ಮಾಸ್ಟರಿನ ಒಳಮೈಗೆ ಗಟ್ಟಿ ಪದರ ಇರುತ್ತದೆ; ಉಜ್ಜಿದರೆ ಅದು ಹೋಗುತ್ತದೆ, ಆದ್ದರಿಂದ ಗೀರು ಕಂಡರೆ ಹೊಸದೇ. ಅನುಮಾನ ಇದ್ದರೂ ಹೊಸದೇ, ಈ ಒಂದು ಸಾಮಾನಿನಲ್ಲಿ ಉಳಿತಾಯ ನೋಡಬೇಡಿ. ಮಾಸ್ಟರಿನ ಆಯಿಲ್ ಡಬ್ಬಿಯ ಮುಚ್ಚಳದ ರಬ್ಬರ್ ಉಬ್ಬಿ ಜಿಗುಟಾಗಿದ್ದರೆ ಯಾರೋ ಎಂಜಿನ್ ಆಯಿಲ್ ಸುರಿದಿದ್ದಾರೆ. ಆಗ ಇಡೀ ಗಾಡಿಯ ಬ್ರೇಕ್ ರಬ್ಬರುಗಳನ್ನೂ ಹೋಸುಗಳನ್ನೂ ಬದಲಿಸಿ ಪೈಪ್ ತೊಳೆಯಬೇಕು.

ಏರ್ ತೆಗೆಯುವಾಗ

ಕಂಪನಿ ಬೇರೆ ಕ್ರಮ ಹೇಳಿರದಿದ್ದರೆ ಮಾಸ್ಟರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡಿ. ಸೀಲ್ ಒಡೆಯದ ಡಬ್ಬಿಯ ಆಯಿಲನ್ನೇ ಬಳಸಿ. ಪೂರ್ತಿ ಬದಲಿಸಲು ಒಂದು ಲೀಟರ್ ಕೈಯಲ್ಲಿರಲಿ. ಪೆಡಲ್ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಇಡಿ. ದಿನನಿತ್ಯ ಪೆಡಲ್ ಅರ್ಧವೇ ಇಳಿಯುತ್ತದೆ, ಉಳಿದರ್ಧದ ಒಳಮೈಯಲ್ಲಿ ಮಡ್ಡಿ ಕಟ್ಟಿರುತ್ತದೆ. ಏರ್ ತೆಗೆಯುವ ಹುರುಪಿನಲ್ಲಿ ತಳದವರೆಗೆ ತುಳಿದರೆ ಮಾಸ್ಟರಿನ ವಾಷರ್ ಅದರ ಮೇಲೆ ಹಾದು ಹರಿಯುತ್ತದೆ. ಸರಿಯಿದ್ದ ಮಾಸ್ಟರ್ ಕೆಡುವುದು ಹೆಚ್ಚಾಗಿ ಹೀಗೆಯೇ.

ಮುಗಿದ ಮೇಲೆ ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿದು ಪ್ರತಿ ಜೋಡಣೆಯನ್ನೂ ಒಣ ಕಾಗದದಲ್ಲಿ ಒರೆಸಿ ನೋಡಿ. ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮಾಸ್ಟರಿನ ಡಬ್ಬಿಯ ಆಯಿಲ್ ಮಟ್ಟವನ್ನೂ ಚಕ್ರದ ಒಳಬದಿಯನ್ನೂ ಮತ್ತೊಮ್ಮೆ ನೋಡಿದ ಮೇಲೆಯೇ ಘಾಟಿಗೆ ಇಳಿಸಿ.