ಬೋರ್ ನೀರಿನ ಊರಲ್ಲಿ ಅಕ್ವೇರಿಯಂ ಸೈಕಲ್: ನಾಲ್ಕು ಟಬ್ ಇಟ್ಟು ನೋಡಿದ್ದು

ಹೊಸ ಟ್ಯಾಂಕ್ ಕೊಂಡವರಿಗೆ ನಮ್ಮ ವಿಜಯಪುರದಲ್ಲಿ ಸಿಗುವ ಸಲಹೆ ಬಹುತೇಕ ಒಂದೇ. "ನೀರ ತುಂಬಿ ಎರಡ ದಿನ ಇಡ್ರಿ ಸರ, ಆಮ್ಯಾಲ ನಾಕ ಮೊಲ್ಲಿ ಮೀನ ಬಿಡ್ರಿ. ತಾನ ಸೆಟ್ ಆಕ್ಕೈತಿ." ಎರಡು ದಿನ ಇಟ್ಟರೆ ನಳದ ನೀರಿನ ಕ್ಲೋರಿನ್ ಹಾರಿ ಹೋಗುತ್ತದೆ, ಅದು ಸರಿ. ಆದರೆ ಟ್ಯಾಂಕ್ ಸೆಟ್ ಆಗುವುದಕ್ಕೂ ಕ್ಲೋರಿನ್‌ಗೂ ಸಂಬಂಧ ಇಲ್ಲ. ಮೀನಿನ ಕಿವಿರಿನಿಂದ, ಹೊಲಸಿನಿಂದ, ಉಳಿದ ಊಟದಿಂದ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟೇನೂ ಅಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಸಾಕಷ್ಟು ಬೆಳೆದರೆ ಟ್ಯಾಂಕ್ ಸೈಕಲ್ ಆಯಿತು ಅಂತ.

ಇದನ್ನು ಮಾಡಲು ಹತ್ತು ದಾರಿ ಹೇಳುತ್ತಾರೆ. ಓದಿ ಓದಿ ತಲೆ ಕೆಟ್ಟಿತ್ತು. ಹೇಳುವವರೆಲ್ಲ ಬೇರೆ ಊರಿನ, ಬೇರೆ ನೀರಿನವರು. ಹಾಗಾಗಿ ದೊಡ್ಡ ಟ್ಯಾಂಕಿಗೆ ಕೈ ಹಾಕುವ ಮೊದಲು, ಹೋಳಿ ಮುಗಿದ ಮೇಲೆ, ಮೆಟ್ಟಿಲ ಕೆಳಗೆ ನಾಲ್ಕು ಪ್ಲಾಸ್ಟಿಕ್ ಟಬ್ ಇಟ್ಟೆ. ಒಂದೊಂದಕ್ಕೂ 20 ಲೀಟರ್ ಬೋರ್ ನೀರು, ಒಂದೊಂದು ಸ್ಪಾಂಜ್ ಫಿಲ್ಟರ್. ಒಂದೇ ಏರ್ ಪಂಪಿನಿಂದ ನಾಲ್ಕಕ್ಕೂ ಪೈಪು. ಮನೆಯವರ ಮಾತು ಕೇಳಬೇಕಾಯಿತು ಅನ್ನಿ.

ಮೊದಲು ನೀರಿನ ಕಥೆ. ನಮ್ಮದು ಕಪ್ಪು ಮಣ್ಣು, ಕೆಳಗೆ ಕಪ್ಪು ಕಲ್ಲು. ಬೋರ್ ನೀರು ಗಡಸು. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸಾಕ್ಷಿ. ಕೊಲ್ಹಾರದ ಕಡೆಯಿಂದ ಬರುವ ಕೃಷ್ಣಾ ನೀರು ಇದಕ್ಕಿಂತ ಮೆತ್ತಗೆ, ಆದರೆ ನಮ್ಮ ಓಣಿಗೆ ದಿನಾ ಬರುವುದಿಲ್ಲ. ಬೋರಿನಿಂದ ಎತ್ತಿದ ಕೂಡಲೇ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಳತೆ) ನೋಡಿದರೆ 7.4 ತೋರಿಸಿತು. ರಾತ್ರಿಯಿಡೀ ಗಾಳಿ ಬಿಟ್ಟ ಮೇಲೆ ಅದೇ ನೀರು 8.2. ನೆಲದೊಳಗಿನ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದರಿಂದ ಹೀಗಾಗುತ್ತದೆ. ಆದ್ದರಿಂದ ಎತ್ತಿದ ಕೂಡಲೇ ನೋಡಿದ ಸಂಖ್ಯೆಯನ್ನು ನಂಬಬೇಡಿ, ಮರುದಿನದ್ದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು, ಯಾರೂ ಹೇಳದೆ ಬಿಡುವ ವಿಷಯ. ಸುತ್ತಲೂ ಹೊಲ ಇರುವ ಕಡೆ ಬೋರ್ ನೀರಿನಲ್ಲಿ ಮೊದಲೇ ನೈಟ್ರೇಟ್ ಇರಬಹುದು. ನನ್ನದರಲ್ಲಿ ಏನೂ ಹಾಕುವ ಮೊದಲೇ ಟೆಸ್ಟ್ ಕಿಟ್ಟಿನಲ್ಲಿ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಹತ್ತಿರ ಬಣ್ಣ ಬಂತು. ನೈಟ್ರೇಟ್ ಕಂಡಿತು, ಸೈಕಲ್ ಆಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಖಾಲಿ ನೀರನ್ನು ಮೊದಲು ಪರೀಕ್ಷೆ ಮಾಡಿ.

ಮೀನು ಬಿಟ್ಟೇ ಸೈಕಲ್ ಮಾಡುವ ದಾರಿಯನ್ನು ನಾನು ಟಬ್ಬಿನಲ್ಲಿ ಇಡಲೇ ಇಲ್ಲ. ಕಾರಣ ಈ ಪಿಎಚ್. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ರೂಪ ಹೆಚ್ಚು ಕಾಡುವುದಿಲ್ಲ, ಅಮೋನಿಯಾ ರೂಪ ಕಿವಿರನ್ನು ಸುಡುತ್ತದೆ. ಪಿಎಚ್ 7, ನೀರು 25 ಡಿಗ್ರಿ ಇದ್ದರೆ ಒಟ್ಟು ಪ್ರಮಾಣದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಮಾತ್ರ ವಿಷ ರೂಪ. ಪಿಎಚ್ 8.2, ನೀರು 30 ಡಿಗ್ರಿ ಇದ್ದರೆ ಅದು ನೂರಕ್ಕೆ 11ರ ಹತ್ತಿರ ಹೋಗುತ್ತದೆ. ಎಂದರೆ ಟೆಸ್ಟ್ ಕಿಟ್ಟಿನಲ್ಲಿ ಅದೇ ಬಣ್ಣ ಬಂದರೂ ನಮ್ಮ ಟ್ಯಾಂಕಿನಲ್ಲಿ ವಿಷ ಇಪ್ಪತ್ತು ಪಟ್ಟು. ಮೆತ್ತನೆಯ, ತಣ್ಣನೆಯ ನೀರಿನ ಊರಿನಲ್ಲಿ ಎರಡು ಮೀನು ಬಿಟ್ಟು ಸೈಕಲ್ ಮಾಡಿದವರು "ಏನೂ ಆಗಲಿಲ್ಲ" ಎಂದರೆ ಅದು ಅವರಿಗೆ ಸರಿ. ನಮ್ಮ ಏಪ್ರಿಲ್‌ಗೆ ಅದು ಹೊಂದುವುದಿಲ್ಲ. ಈಗಾಗಲೇ ಮೀನು ಬಿಟ್ಟುಬಿಟ್ಟವರು ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ, ಊಟ ದಿನ ಬಿಟ್ಟು ದಿನ ಕೊಡಿ, ನೈಟ್ರೈಟ್ ಏರಿದರೆ ಸ್ವಲ್ಪ ಕಲ್ಲುಪ್ಪು ಹಾಕಿ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಮೊದಲ ಟಬ್ಬಿಗೆ ಮೀನಿನ ಊಟ ಹಾಕಿ ಕೊಳೆಯಲು ಬಿಟ್ಟೆ. ದುಡ್ಡು ಖರ್ಚಿಲ್ಲದ ದಾರಿ. ನಾಲ್ಕೇ ದಿನದಲ್ಲಿ ಊಟದ ಮೇಲೆ ಬಿಳಿ ಬೂಷ್ಟು, ನೀರು ಮಬ್ಬು, ಮೆಟ್ಟಿಲ ಕೆಳಗೆಲ್ಲ ವಾಸನೆ. ಅಮೋನಿಯಾ ಎಷ್ಟು ಹುಟ್ಟುತ್ತಿದೆ ಎಂಬುದು ಕೈಯಲ್ಲಿ ಇರುವುದಿಲ್ಲ. ಇವತ್ತು ಅರ್ಧ ಪಿಪಿಎಂ, ನಾಡಿದ್ದು ನಾಲ್ಕು. ನಾಲ್ಕು ಟಬ್ಬಿನಲ್ಲಿ ಕೊನೆಗೆ ಮುಗಿದದ್ದು ಇದೇ, ಮುಗಿಯಿತೋ ಇಲ್ಲವೋ ಎಂದು ಅನುಮಾನ ಉಳಿಸಿದ್ದೂ ಇದೇ.

ಎರಡನೆಯದಕ್ಕೆ ಅಮೋನಿಯಂ ಕ್ಲೋರೈಡ್. ನಮ್ಮ ಕಡೆ ನವಸಾಗರ ಅಂತ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುವುದು ಇದೇ ವಸ್ತು. ಆದರೆ ಅವರ ಉಂಡೆ ತಂದು ಟ್ಯಾಂಕಿಗೆ ಹಾಕಬೇಡಿ. ಅದರಲ್ಲಿ ಬೇರೆ ಏನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಕಾಲೇಜು ಲ್ಯಾಬುಗಳಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ಡಬ್ಬಿಯಲ್ಲಿ ಸಿಗುತ್ತದೆ. ಒಂದು ಡಬ್ಬಿ ಜೀವನಪೂರ್ತಿ ಸಾಕು.

ಲೆಕ್ಕ ಹೀಗೆ. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 500 ಎಂಎಲ್ ಮಾಡಿ ಬಾಟಲಿಯಲ್ಲಿ ಇಡಿ. ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಬಂತು. ಅಮೋನಿಯಾ 2 ಪಿಪಿಎಂ ಆಗಬೇಕಾದರೆ ಒಂದು ಲೀಟರಿಗೆ ಸುಮಾರು 6.3 ಮಿಲಿಗ್ರಾಂ ಬೇಕು. 20 ಲೀಟರ್ ಟಬ್ಬಿಗೆ ಆರು ಎಂಎಲ್‌ಗಿಂತ ಸ್ವಲ್ಪ ಜಾಸ್ತಿ, 60 ಲೀಟರ್ ಟ್ಯಾಂಕಿಗೆ 19 ಎಂಎಲ್. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯುವುದು ಸುಲಭ. ಬಾಟಲಿ ಮೇಲೆ ಹೆಸರು ಬರೆಯಿರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಕೆಲವು ಕಡೆ 4, 5 ಪಿಪಿಎಂ ಹಾಕಿ ಎಂದು ಇರುತ್ತದೆ. ನಮ್ಮ ನೀರಿಗೆ ಅದು ಬೇಡ. ಪಿಎಚ್ ಜಾಸ್ತಿ ಇರುವಲ್ಲಿ ಅಮೋನಿಯಾ ಹೆಚ್ಚಾದರೆ ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾವೇ ಮಂಕಾಗುತ್ತವೆ. ಎರಡನೇ ಲೆಕ್ಕವೂ ಇದೆ. 1 ಪಿಪಿಎಂ ಅಮೋನಿಯಾದಿಂದ 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ಎರಡೆರಡು ಪಿಪಿಎಂ ಮೂರು ಸಲ ಹಾಕಿದರೆ ನೈಟ್ರೈಟ್ 16 ದಾಟುತ್ತದೆ. ಆಗ ಟೆಸ್ಟ್ ಕಾರ್ಡಿನಲ್ಲಿ ಕಡು ನೇರಳೆ ಬಿಟ್ಟು ಬೇರೆ ಏನೂ ಕಾಣುವುದಿಲ್ಲ, ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುವುದಿಲ್ಲ. ಅದಕ್ಕೇ ನಾನು ಅಮೋನಿಯಾ ಸೊನ್ನೆಗೆ ಬಂದ ಮೇಲೆ ಅರ್ಧ ಡೋಸ್ ಮಾತ್ರ ಹಾಕುತ್ತಿದ್ದೆ. ಕಾರ್ಡ್ ದಾಟಿತು ಅನ್ನಿಸಿದರೆ ಅರ್ಧ ನೀರು ಬದಲಿಸಿದರಾಯಿತು. ಬ್ಯಾಕ್ಟೀರಿಯಾ ಇರುವುದು ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ.

ಈ ಟಬ್ಬಿನಲ್ಲಿ ಎರಡನೇ ವಾರ ಅಮೋನಿಯಾ ಇಳಿಯಲು ಶುರುವಾಯಿತು. ನೈಟ್ರೈಟ್ ಮಾತ್ರ ಹಟ ಹಿಡಿದು ಕೂತಿತು. ಒಟ್ಟು ಒಂದು ತಿಂಗಳು ಚಿಲ್ಲರೆ. ಬೇಸರದ ಕೆಲಸ, ಆದರೆ ವಾಸನೆ ಇಲ್ಲ, ಗೊಂದಲ ಇಲ್ಲ. ಮೇಲಾಗಿ ನಮ್ಮ ಗಡಸು ನೀರು ಇಲ್ಲಿ ಉಪಕಾರಕ್ಕೆ ಬರುತ್ತದೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ನೀರಿನ ಕ್ಷಾರ ತಿನ್ನುತ್ತವೆ. ಅಮೋನಿಯಾದಲ್ಲಿರುವ 1 ಮಿಲಿಗ್ರಾಂ ಸಾರಜನಕಕ್ಕೆ 7 ಮಿಲಿಗ್ರಾಂ ಕ್ಷಾರ ಖರ್ಚು. ನನ್ನ ಗೆಳೆಯರೊಬ್ಬರು ಮೀನಿಗೆ ಒಳ್ಳೆಯದಾಗಲಿ ಎಂದು ಕುಡಿಯುವ ನೀರಿನ ಕ್ಯಾನ್ ತಂದು ಟ್ಯಾಂಕ್ ತುಂಬಿದ್ದರು. ಆರ್‌ಒ ನೀರಿನಲ್ಲಿ ಕ್ಷಾರ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್ ಆರಕ್ಕೆ ಕುಸಿದು ಸೈಕಲ್ ನಿಂತೇ ಹೋಗಿತ್ತು. ಚಿಟಿಕೆ ಅಡುಗೆ ಸೋಡಾ ಹಾಕಿದ ಮೇಲೆ ಮತ್ತೆ ಹೊರಟಿತು.

ಯೂರಿಯಾ ಹಾಕಿದರೆ ನಡೆಯುತ್ತದಾ ಎಂದು ಹೊಲ ಇರುವವರು ಕೇಳುತ್ತಾರೆ. ಮನೆಯಲ್ಲೇ ಚೀಲ ಇರುತ್ತದೆ, ಕೇಳುವುದು ಸಹಜ. ಯೂರಿಯಾ ಒಡೆದು ಅಮೋನಿಯಾ ಆಗುವುದು ನಿಜ. ಆದರೆ 2015ರಿಂದ ನಮ್ಮ ದೇಶದಲ್ಲಿ ರೈತರಿಗೆ ಸಿಗುವ ಯೂರಿಯಾ ಬೇವಿನ ಲೇಪದ್ದು. ಬೇವು ಹಚ್ಚುವುದಕ್ಕೆ ಒಂದು ಕಾರಣವೇ ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವುದನ್ನು ನಿಧಾನ ಮಾಡುವುದು. ನಾವು ಟ್ಯಾಂಕಿನಲ್ಲಿ ಬೇಗ ಆಗಲಿ ಎನ್ನುವ ಕೆಲಸವನ್ನೇ ಅದು ತಡೆಯುತ್ತದೆ. ಚೀಲ ಹೊಲದಲ್ಲೇ ಇರಲಿ.

ಮೂರನೇ ಟಬ್ಬಿಗೆ ಅಂಗಡಿಯಲ್ಲಿ ಮಾರುವ ಬಾಟಲಿ ಬ್ಯಾಕ್ಟೀರಿಯಾ ಮತ್ತು ಅದೇ ಅಮೋನಿಯಂ ಕ್ಲೋರೈಡ್. ಅಮೋನಿಯಾ ಎರಡನೇ ಟಬ್ಬಿಗಿಂತ ಸ್ವಲ್ಪ ಬೇಗ ಇಳಿಯಿತು, ನೈಟ್ರೈಟ್ ಹೆಚ್ಚುಕಡಿಮೆ ಅಷ್ಟೇ ಕಾಲ ತೆಗೆದುಕೊಂಡಿತು. ಬಾಟಲಿಯದ್ದು ಮೋಸ ಎಂದು ನಾನು ಹೇಳುವುದಿಲ್ಲ. ಜೀವಂತ ಬ್ಯಾಕ್ಟೀರಿಯಾ ಇರುವ ಒಳ್ಳೆಯ ಬಾಟಲಿ ಕೆಲಸ ಮಾಡುತ್ತದೆ. ಆದರೆ ಅದು ನಮ್ಮ ಊರಿಗೆ ಬರುವಷ್ಟರಲ್ಲಿ ಗೋದಾಮು, ಲಾರಿ, ಅಂಗಡಿಯ ಕಪಾಟು ಎಲ್ಲ ಕಡೆ 40 ಡಿಗ್ರಿ ಬಿಸಿಲು ತಿಂದಿರುತ್ತದೆ. ನೈಟ್ರೈಟ್ ತಿನ್ನುವುದು ನೈಟ್ರೊಬ್ಯಾಕ್ಟರ್ ಎಂದು ಹಳೆಯ ಪುಸ್ತಕಗಳಲ್ಲಿ ಇತ್ತು. ಅಮೆರಿಕದ ಸಂಶೋಧಕ ಟಿಮೊತಿ ಹೊವಾನೆಕ್ ಮತ್ತು ಜೊತೆಯವರು 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಜಾತಿಯವು ಎಂದು ತೋರಿಸಿದರು. ಈ ಬ್ಯಾಕ್ಟೀರಿಯಾಗಳಿಗೆ ಬೀಜಾಣು ಕಟ್ಟಿಕೊಂಡು ಒಣಗಿ ಬದುಕುವ ಶಕ್ತಿ ಇಲ್ಲ. ಆದ್ದರಿಂದ ಒಣ ಪುಡಿಯ ಪ್ಯಾಕೆಟ್ಟಿಗೆ ದುಡ್ಡು ಹಾಕುವ ಮೊದಲು ಯೋಚನೆ ಮಾಡಿ.

ನಾಲ್ಕನೆಯದು ಗೆದ್ದ ಟಬ್. ಬೆಳಗಾವಿಯಲ್ಲಿ ಪರಿಚಯದವರೊಬ್ಬರು ವರ್ಷಗಟ್ಟಲೆ ನಡೆಸಿದ ಟ್ಯಾಂಕ್ ಇದೆ. ಅದರ ಸ್ಪಾಂಜಿನ ಒಂದು ತುಂಡು ಕೇಳಿದೆ. "ಹೊಲಸ ಸ್ಪಾಂಜ್ ಒಯ್ದ ಏನ ಮಾಡ್ತೀರಿ?" ಎಂದು ನಕ್ಕರು, ಕೊಟ್ಟರು. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದಲ್ಲಿ ಗಾಳಿ ಉಳಿಸಿ, ಒದ್ದೆ ಟವೆಲ್ ಸುತ್ತಿ ಸಂಜೆ ಬಸ್ಸಿಗೆ ಬಂದೆ. ನೀರು ತುಂಬಿ ಬಾಯಿ ಕಟ್ಟಿದರೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ಹಾಗಾಗಿ ಬರೀ ತೇವ ಸಾಕು. ಮನೆಗೆ ಬಂದ ಕೂಡಲೇ ಟಬ್ಬಿನ ಹೊಸ ಸ್ಪಾಂಜಿನ ಪಕ್ಕ ಅದನ್ನು ಕಟ್ಟಿ 2 ಪಿಪಿಎಂ ಅಮೋನಿಯಾ ಹಾಕಿದೆ. ವಾರದ ಆಸುಪಾಸಿನಲ್ಲಿ ಆ ಟಬ್ ಒಂದೇ ದಿನದಲ್ಲಿ ಅಷ್ಟನ್ನೂ ಮುಗಿಸುತ್ತಿತ್ತು. ಹೆಪ್ಪು ಹಾಕಿದ ಹಾಲಿಗೂ ಹಾಕದ ಹಾಲಿಗೂ ಇರುವಷ್ಟು ಅಂತರ.

ಸ್ಪಾಂಜ್ ಕೇಳುವಾಗ ಎರಡು ವಿಷಯ ವಿಚಾರಿಸಿ. ಆ ಟ್ಯಾಂಕಿನಲ್ಲಿ ಇತ್ತೀಚೆಗೆ ಮೀನು ಸತ್ತಿವೆಯಾ? ರೋಗವೂ ಸ್ಪಾಂಜಿನ ಜೊತೆ ಬರುತ್ತದೆ. ನೀಲಿ ಔಷಧ, ಅಂದರೆ ಮೆಥಿಲೀನ್ ಬ್ಲೂ ಹಾಕಿದ್ದಾರಾ? ಹಾಕಿದ್ದರೆ ಬೇಕಾದ ಬ್ಯಾಕ್ಟೀರಿಯಾವೂ ಸತ್ತಿರಬಹುದು. ಅಂಗಡಿಯ ಟ್ಯಾಂಕುಗಳಲ್ಲಿ ಈ ನೀಲಿ ಸಾಮಾನ್ಯ, ಅದಕ್ಕೇ ನಾನು ಅಂಗಡಿಯ ಸ್ಪಾಂಜ್ ತರಲಿಲ್ಲ. ಹಳೆ ಟ್ಯಾಂಕಿನ ನೀರು ಬಕೆಟ್ಟಿನಲ್ಲಿ ತರುವುದಂತೂ ಸುಮ್ನೆ ಭಾರ ಹೊರುವ ಕೆಲಸ.

ದೊಡ್ಡ ಟ್ಯಾಂಕಿಗೆ ನಾಲ್ಕನೇ ಟಬ್ಬಿನ ದಾರಿಯನ್ನೇ ಹಿಡಿದೆ, ಜೊತೆಗೆ ಗಿಡ ಸೇರಿಸಿದೆ. ಹೈಡ್ರಿಲಾ ಒಂದು ಹಿಡಿ, ಮೇಲಿನಿಂದ ಮನಿ ಪ್ಲಾಂಟ್ ಬೇರು ನೀರಿಗೆ ಇಳಿಬಿಟ್ಟೆ. ಗಿಡಗಳು ಅಮೋನಿಯಂ ಅನ್ನು ನೇರವಾಗಿಯೇ ಹೀರುತ್ತವೆ. ಮನಿ ಪ್ಲಾಂಟ್ ಎಲೆ ಗಾಳಿಯಲ್ಲಿರುವುದರಿಂದ ಬೇಗ ಬೆಳೆಯುತ್ತದೆ, ಬೋರ್ ನೀರಿನ ನೈಟ್ರೇಟನ್ನೂ ತಿನ್ನುತ್ತದೆ.

ಬೇಸಿಗೆಯಲ್ಲಿ ಈ ಕೆಲಸ ಮಾಡುವವರಿಗೆ ಕರೆಂಟಿನದ್ದೇ ಚಿಂತೆ. ಬಿಸಿ ನೀರಿನಲ್ಲಿ ಬ್ಯಾಕ್ಟೀರಿಯಾ ಚುರುಕು, ಆದರೆ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರಿನಲ್ಲಿ 8.3 ಮಿಲಿಗ್ರಾಂ ಕರಗುತ್ತದೆ, 32ಕ್ಕೆ ಬಂದರೆ 7.3. ಮಧ್ಯಾಹ್ನ ಎರಡು ಮೂರು ತಾಸು ಕರೆಂಟ್ ಹೋದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಒಳಗೆ ಬ್ಯಾಕ್ಟೀರಿಯಾದ ಉಸಿರು ಕಟ್ಟುತ್ತದೆ. ಏರ್ ಪಂಪು, ಸ್ಪಾಂಜ್ ಫಿಲ್ಟರ್ ಇನ್ವರ್ಟರಿನ ಮೇಲೆ ಓಡುತ್ತವೆ, ಎಳೆಯುವ ಕರೆಂಟ್ ಬಲ್ಬಿಗಿಂತ ಕಡಿಮೆ. ನಮ್ಮ ಕಡೆಗೆ ನಾನು ಸ್ಪಾಂಜ್ ಫಿಲ್ಟರನ್ನೇ ಹೇಳುವುದು ಇದಕ್ಕೇ. ನೀರು ಆವಿಯಾಗಿ ಕಡಿಮೆಯಾದಾಗ ಮತ್ತೆ ಬೋರ್ ನೀರನ್ನೇ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಇರುತ್ತದೆ, ಆ ಕೊರತೆಗೆ ಮಾತ್ರ ಆರ್‌ಒ ನೀರು ಸರಿ.

ಕೊನೆಯ ಪರೀಕ್ಷೆ ಹೀಗೆ ಮಾಡಿ. ಸಂಜೆ 2 ಪಿಪಿಎಂ ಹಾಕಿ. ಮರುದಿನ ಸಂಜೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಎರಡು ದಿನ ಬಿಟ್ಟು ಇನ್ನೊಮ್ಮೆ ಹಾಕಿ, ಹಾಗೆಯೇ ಬಂದರೆ ಆಯಿತು. ನಾಲ್ಕರಲ್ಲಿ ಮೂರು ಪಾಲು ನೀರು ಚೆಲ್ಲಿ ಹೊಸದು ತುಂಬಿ, ನಳದ್ದಾದರೆ ಕ್ಲೋರಿನ್ ತೆಗೆದೇ ತುಂಬಿ, ಮರುದಿನವೇ ಮೀನು ತನ್ನಿ. ವಾರಗಟ್ಟಲೆ ಖಾಲಿ ಬಿಟ್ಟರೆ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತವೆ. ಮೀನಿನಲ್ಲಿ ಗಪ್ಪಿ, ಮೊಲ್ಲಿ, ಪ್ಲಾಟಿ ನಮ್ಮ ಗಡಸು ನೀರಿಗೆ ಹೇಳಿ ಮಾಡಿಸಿದಂಥವು. ಸ್ಪಾಂಜ್ ಕಸ ಹಿಡಿದಾಗ ಟ್ಯಾಂಕಿನಿಂದ ತೆಗೆದ ಬಕೆಟ್ ನೀರಿನಲ್ಲೇ ಹಿಂಡಿ ಮತ್ತೆ ಇಡಿ, ನಳದ ಕೆಳಗೆ ಹಿಡಿಯಬೇಡಿ.