ಅಟ್ಟದ ಮಡಚುವ ಏಣಿ: ತೋಳು ಬದಲಿಸುವ ಮೊದಲು ಪಾದ ನೋಡಿ

ಟೆಕ್ಸಾಸಿನ ಮನೆಗಳಲ್ಲಿ ನೆಲಮಾಳಿಗೆ ಅಪರೂಪ. ಇಲ್ಲಿನ ಜೇಡಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಬೇರೆ ರಾಜ್ಯಗಳಲ್ಲಿ ನೆಲಮಾಳಿಗೆಯಲ್ಲಿ ಇರುವ ಯಂತ್ರಗಳು ಇಲ್ಲಿ ಅಟ್ಟ ಸೇರಿವೆ. ಎಸಿ, ಹೀಟರ್, ಕೆಲವರ ಮನೆಯಲ್ಲಿ ನೀರು ಕಾಯಿಸುವ ಟ್ಯಾಂಕು ಕೂಡ. ಅವುಗಳ ಹತ್ತಿರ ಹೋಗಲು ಇರುವ ದಾರಿ ಒಂದೇ, ಕಾರಿಡಾರಿನ ಸೀಲಿಂಗಿನಲ್ಲಿ ಅಡಗಿ ಕೂತಿರುವ ಮಡಚುವ ಏಣಿ. ಹಗ್ಗ ಎಳೆದರೆ ಬಾಗಿಲು ಕೆಳಗೆ ಬರುತ್ತದೆ. ಅದರ ಬೆನ್ನ ಮೇಲೆ ಮೂರು ತುಂಡಾಗಿ ಮಡಚಿಕೊಂಡಿರುವ ಏಣಿಯನ್ನು ಬಿಡಿಸಿ ನೆಲಕ್ಕೆ ಊರಬೇಕು.

ಡಾಲಸ್ ಹತ್ತಿರದ ನಮ್ಮ ಮನೆಯಲ್ಲಿ ಆ ಏಣಿಯ ಬಲಗಡೆಯ ತೋಳು, ಅಂದರೆ ಬಾಗಿಲನ್ನು ಚೌಕಟ್ಟಿಗೆ ಸೇರಿಸುವ ಕಬ್ಬಿಣದ ಪಟ್ಟಿ, ಬಾಗಿತ್ತು. ಎಸಿ ಸರ್ವಿಸ್‌ಗೆ ಬಂದ ಹುಡುಗ ಎರಡು ಮೆಟ್ಟಿಲು ಹತ್ತಿದವನು ಹಾಗೇ ಇಳಿದ. "ಇದನ್ನು ಸರಿಮಾಡಿಸಿ, ಆಮೇಲೆ ಬರ್ತೀನಿ" ಅಂದ. ಅವನ ಮೇಲೆ ನನಗೆ ಗೌರವ ಹುಟ್ಟಿತು. ಇಂಥ ಏಣಿಗೆ ತೂಕದ ಮಿತಿ ಇರುತ್ತದೆ. ಮರದ ಏಣಿಗಳಲ್ಲಿ 250 ಪೌಂಡ್ ಮಾಮೂಲು, ಅಂದರೆ ಸುಮಾರು 113 ಕಿಲೋ. ಈ ಲೆಕ್ಕದಲ್ಲಿ ಮನುಷ್ಯನ ಜೊತೆ ಅವನ ಕೈಲಿರುವ ಸಾಮಾನೂ ಸೇರಿದೆ. ದಷ್ಟಪುಷ್ಟ ಆಳೊಬ್ಬ ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡರೆ ಮಿತಿ ಮುಟ್ಟಿದ ಹಾಗೇ. ಏಣಿ ಗಟ್ಟಿಯಾಗಿದ್ದಾಗಿನ ಮಾತು ಇದು.

ರಿಪೇರಿಯವರನ್ನು ಕೇಳಿದೆ. ಪೂರ್ತಿ ಏಣಿ ಕಿತ್ತು ಹೊಸದು ಹಾಕುತ್ತೇನೆ ಅಂದರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಮರ ಚೆನ್ನಾಗಿತ್ತು. ತೋಳು ಬಾಗಿದ್ದು ಯಾಕೆ ಅನ್ನುವುದನ್ನು ಯಾರೂ ಹೇಳಲಿಲ್ಲ. ಕಾರಣ ಗೊತ್ತಿಲ್ಲದೆ ಹೊಸ ಏಣಿ ಹಾಕಿದರೆ ಅದೂ ಬಾಗುತ್ತದೆ, ಅಲ್ವಾ? ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಟಾರ್ಚ್ ಹಿಡಿದು ಕೂತು ನೋಡಿದೆ.

ಮೊದಲು ನೋಡಬೇಕಾದದ್ದು ನೆಲದ ಹತ್ತಿರ. ಏಣಿ ಪೂರ್ತಿ ಬಿಡಿಸಿದಾಗ ಮೂರೂ ತುಂಡು ಒಂದೇ ನೇರದಲ್ಲಿರಬೇಕು. ಕೀಲುಗಳ ಹತ್ತಿರ ಮರಕ್ಕೆ ಮರ ತಾಗಿರಬೇಕು. ಎರಡೂ ಕಾಲು ನೆಲದ ಮೇಲೆ ಚಪ್ಪಟೆಯಾಗಿ ಕೂತಿರಬೇಕು. ಆಗ ಹತ್ತಿದವರ ಭಾರದ ದೊಡ್ಡ ಪಾಲು ಕಾಲುಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ತೋಳುಗಳು ಇರುವುದು ಬಾಗಿಲನ್ನು ಎತ್ತಿ ಇಳಿಸುವುದಕ್ಕೆ, ಬಿಡಿಸಿದಾಗ ಏಣಿಯ ಓರೆಯನ್ನು ಹಿಡಿದು ನಿಲ್ಲಿಸುವುದಕ್ಕೆ. ಮನುಷ್ಯರ ತೂಕವನ್ನೆಲ್ಲ ಹೊರುವ ಕೆಲಸ ಅವಕ್ಕಲ್ಲ.

ನಮ್ಮ ಏಣಿಯ ಬಲಗಾಲಿನ ಕೆಳಗೆ ನನ್ನ ಕಿರುಬೆರಳು ಸಲೀಸಾಗಿ ತೂರಿತು. ಎಡಗಾಲಿನ ಕೆಳಗೆ ಸಂದಿ ಸ್ವಲ್ಪ ಕಡಿಮೆ. ಹಿಂದೆ ಯಾರೋ ಅಲ್ಲಿ ಮಡಚಿದ ರಟ್ಟು ತುರುಕಿದ್ದರು. ಅದು ಅಪ್ಪಚ್ಚಿಯಾಗಿ ಅಂಚಿನಲ್ಲಿ ಉಳಿದಿತ್ತು. ಮನೆ ಮಾರುವ ಮುಂಚೆ ಹಳೇ ಮಾಲೀಕರು ಕಾರಿಡಾರಿನ ಕಾರ್ಪೆಟ್ಟು, ಅದರ ಕೆಳಗಿನ ಸ್ಪಂಜಿನ ಹಾಸು ಎರಡನ್ನೂ ತೆಗೆಸಿ ತೆಳ್ಳಗಿನ ವಿನೈಲ್ ಹಲಗೆ ಹಾಕಿಸಿದ್ದರು. ನೆಲ ಅಷ್ಟು ಕೆಳಗೆ ಹೋಯಿತು. ಏಣಿ ಮಾತ್ರ ಕಾರ್ಪೆಟ್ಟಿನ ಅಳತೆಗೆ ಕತ್ತರಿಸಿದ್ದು. ಅಂದಿನಿಂದ ಯಾರು ಹತ್ತಿದರೂ ಏಣಿ ಮೊದಲು ತೋಳುಗಳ ಮೇಲೆ ಜೋತುಬಿದ್ದು, ಅಷ್ಟು ದೂರ ಜಗ್ಗಿ, ಆಮೇಲೆ ನೆಲ ಮುಟ್ಟುತ್ತಿತ್ತು. ಪ್ರತಿ ಹೆಜ್ಜೆಗೂ ಹೀಗೇ. ತೋಳಿನ ರಿವೆಟ್ ತೂತು ಉದ್ದಕ್ಕೆ ಸವೆದಿತ್ತು. ಸಂದಿ ಜಾಸ್ತಿ ಇದ್ದ ಕಡೆಯ ತೋಳೇ ಬಾಗಿತ್ತು.

ಕಾಲು ಉದ್ದವಾದರೂ ಕಷ್ಟ ತಪ್ಪುವುದಿಲ್ಲ. ಆಗ ನೆಲ ಏಣಿಯನ್ನು ಕೆಳಗಿಂದ ನೂಕುತ್ತದೆ, ಕೀಲಿನ ಹತ್ತಿರ ತುಂಡುಗಳ ನಡುವೆ ಬಾಯಿ ಬಿಡುತ್ತದೆ, ಹತ್ತಿದಾಗ ಕೀಲಿನ ಪಟ್ಟಿಯೇ ಬಾಗುತ್ತದೆ. ಪರೀಕ್ಷೆ ಸುಲಭ. ಯಾರೂ ಹತ್ತುವ ಮೊದಲು, ತೋಳುಗಳು ಪೂರ್ತಿ ಚಾಚಿರುವಾಗ, ಒಂದು ವಿಸಿಟಿಂಗ್ ಕಾರ್ಡನ್ನು ಎರಡೂ ಕಾಲಿನ ಕೆಳಗೆ ತೂರಿಸಿ ನೋಡಿ. ಆಮೇಲೆ ಒಬ್ಬರು ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಲಿ. ಇನ್ನೊಬ್ಬರು ಅದೇ ಕಾರ್ಡನ್ನು ಪ್ರತಿ ಜೋಡಣೆಯ ಸಂದಿಗೆ ತೂರಿಸಿ ನೋಡಲಿ. ಎಲ್ಲೂ ತೂರಬಾರದು.

ಏಣಿಯ ಪಕ್ಕದ ಮರದ ಮೇಲೆ ಒಂದು ಲೇಬಲ್ ಅಂಟಿಸಿರುತ್ತಾರೆ. ತೂಕದ ಮಿತಿ, ಸೀಲಿಂಗ್ ಎತ್ತರ, ಮಾಡೆಲ್ ನಂಬರ್ ಎಲ್ಲ ಅದರಲ್ಲೇ. ಧೂಳು ಒರೆಸಿ ಫೋಟೊ ತೆಗೆದುಕೊಳ್ಳಿ. ತೋಳು, ಸ್ಪ್ರಿಂಗ್, ಕೀಲು ನೋಡಲು ಒಂದೇ ಥರ ಕಂಡರೂ ಮಾಡೆಲ್‌ನಿಂದ ಮಾಡೆಲ್‌ಗೆ ತೂತುಗಳ ಅಂತರ ಬೇರೆ. "ಎಲ್ಲಕ್ಕೂ ಆಗುತ್ತೆ" ಅನ್ನುವ ಕಿಟ್‌ಗಳನ್ನು ನಾನು ನಂಬಲಿಲ್ಲ. ಏಣಿ ತಯಾರಿಸಿದ ಕಂಪನಿಗೇ ಫೋನ್ ಮಾಡಿ ಎರಡೂ ಕಡೆಯ ತೋಳು, ಎರಡೂ ಸ್ಪ್ರಿಂಗ್, ಏಣಿಯ ಕೆಳಗಿನ ತುಂಡು ತರಿಸಿಕೊಂಡೆ. ಎಡಗಡೆಯದು ಚೆನ್ನಾಗಿಯೇ ಇದೆಯಲ್ಲ ಅಂತ ಮನೆಯವರು ಕೇಳಿದರು. ಒಂದೇ ಕಡೆ ಹೊಸ ಸ್ಪ್ರಿಂಗ್ ಹಾಕಿದರೆ ಬಾಗಿಲು ಓರೆಯಾಗಿ ಏಳುತ್ತದೆ, ಹೊಸ ತೋಳಿನ ಮೇಲೆ ಮತ್ತೆ ತಿರುಚಿದ ಭಾರ ಬೀಳುತ್ತದೆ. ಇದನ್ನು ಜೋಡಿಯಾಗಿಯೇ ಬದಲಿಸಬೇಕು.

ಈಗ ಸ್ಪ್ರಿಂಗಿನ ವಿಷಯ. ಇಡೀ ಕೆಲಸದಲ್ಲಿ ನಿಜವಾಗಿ ಅಪಾಯ ಇರುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಬಾಗಿಲು ಕೆಳಗೆ ಎಳೆದಾಗ ಸ್ಪ್ರಿಂಗ್ ಹಿಗ್ಗುತ್ತದೆ, ಪೂರ್ತಿ ಶಕ್ತಿ ತುಂಬಿಕೊಳ್ಳುತ್ತದೆ. ಮುಚ್ಚಿದಾಗ ಅದರ ಎಳೆತ ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ನಮ್ಮಂಥ ಏಣಿಯಲ್ಲಿ ಸ್ಪ್ರಿಂಗ್ ಕಳಚಬೇಕಾದದ್ದು ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ, ಅಂದರೆ ಅಟ್ಟದ ಒಳಗೆ ಕೂತು. ಬಾಗಿಲು ತೆರೆದಿಟ್ಟು ಕೆಳಗಿನಿಂದ ಕಳಚಲು ಹೋದರೆ ಕೊಕ್ಕೆ ಬಿಟ್ಟ ಕ್ಷಣಕ್ಕೆ ಮುಖಕ್ಕೆ ಬಡಿಯುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಮೋಸದ್ದು. ಬಾಗಿಲು ಮತ್ತು ಏಣಿ ಎರಡರ ತೂಕಕ್ಕೆ ಸರಿಯಾಗಿ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಬಾಗಿಲು ತೆರೆದಿರುವಾಗ ಏಣಿಯ ತುಂಡುಗಳನ್ನು ಮೊದಲು ಬಿಚ್ಚಿದಿರಿ ಅನ್ನಿ. ತೂಕ ಕಡಿಮೆಯಾಯಿತು, ಎಳೆತ ಹಾಗೇ ಇದೆ. ಬಾಗಿಲು ರಪ್ಪನೆ ಮೇಲಕ್ಕೆ ಹಾರುತ್ತದೆ. ನಡುವೆ ಕೈ ಇದ್ದರೆ ಮುರಿಯುವಷ್ಟು ಜೋರಾಗಿ. ಸ್ಪ್ರಿಂಗುಗಳನ್ನು ಮೊದಲು ಕಳಚಿದರೆ ಇದರ ತದ್ವಿರುದ್ಧ. ತಡೆಯುವುದು ಏನೂ ಇಲ್ಲದೆ ಬಾಗಿಲು, ಏಣಿ ಎರಡೂ ಕೆಳಗೆ ಬೀಳುತ್ತವೆ. ಈ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡೇ ಕೆಲಸದ ಅನುಕ್ರಮ ಹಾಕಬೇಕು.

ನಾವು ಮಾಡಿದ್ದು ಹೀಗೆ. ಬಾಗಿಲು ತೆರೆದು, ಆ ಏಣಿಯನ್ನು ಮುಟ್ಟದೆ, ಬೇರೆ ಗಟ್ಟಿಯಾದ ಸ್ಟೆಪ್ ಲ್ಯಾಡರ್ ಇಟ್ಟುಕೊಂಡು ನಾನು ಅಟ್ಟ ಸೇರಿದೆ. ಅಲ್ಲಿ ಜಂತೆಗಳ ಮೇಲೆ ಅಡ್ಡಲಾಗಿ ದಪ್ಪ ಪ್ಲೈವುಡ್ ಹಲಗೆ ಮೊದಲೇ ಹಾಕಿಟ್ಟಿದ್ದೆ. ಜಂತೆ ಬಿಟ್ಟು ಸೀಲಿಂಗಿನ ಜಿಪ್ಸಂ ಹಲಗೆಯ ಮೇಲೆ ಕಾಲಿಟ್ಟರೆ ನೇರ ಕೆಳಗಿನ ಕೋಣೆಗೇ. ಮನೆಯವರು ಲ್ಯಾಡರ್ ಪಕ್ಕಕ್ಕಿಟ್ಟು ಬಾಗಿಲು ಮುಚ್ಚಿದರು. ಆಮೇಲೆ ನೆಲದಿಂದ ಬಾಗಿಲಿನವರೆಗೆ ಟೂ ಬೈ ಫೋರ್ ಮರದ (ಇಲ್ಲಿ ಮನೆ ಕಟ್ಟಲು ಬಳಸುವ ಮಾಮೂಲು ಪಟ್ಟಿ) ಎರಡು ಊರುಗೋಲು ಬಿಗಿಯಾಗಿ ನಿಲ್ಲಿಸಿದರು.

"ರೀ, ಕೋಲು ಅಲ್ಲಾಡ್ತಿಲ್ಲ ತಾನೆ?" ಅಂತ ಕೂಗಿದೆ.

"ಇಲ್ಲ ಕಣೇ, ಗಟ್ಟಿಯಾಗಿದೆ. ನೀನು ಕನ್ನಡಕ ಹಾಕ್ಕೊಂಡ್ಯಾ?"

"ಹಾಕ್ಕೊಂಡಿದೀನಿ. ನೀವು ಬಾಗಿಲ ಕೆಳಗೆ ನಿಂತ್ಕೋಬೇಡಿ, ಆಚೆ ಹೋಗಿ."

ಮುಚ್ಚಿದಾಗಲೂ ಸ್ಪ್ರಿಂಗಿನಲ್ಲಿ ಒಂದಿಷ್ಟು ಎಳೆತ ಉಳಿದಿರುತ್ತದೆ. ಬರಿಗೈಯಲ್ಲಿ ಎಳೆಯಬಾರದು. ಗಟ್ಟಿ ನೈಲಾನ್ ಹಗ್ಗದ ಕುಣಿಕೆಯನ್ನು ಕೊಕ್ಕೆಗೆ ಹಾಕಿ, ಹಗ್ಗಕ್ಕೆ ಒಂದು ಸ್ಕ್ರೂಡ್ರೈವರ್ ಅಡ್ಡ ಕಟ್ಟಿ ಹಿಡಿ ಮಾಡಿಕೊಂಡೆ. ಸ್ಪ್ರಿಂಗಿನ ನೇರಕ್ಕೆ ಕೂರದೆ ಪಕ್ಕಕ್ಕೆ ಕೂತು ಎಳೆದೆ. ಕೊಕ್ಕೆ ತೂತಿನಿಂದ ಈಚೆ ಬಂತು. ಕಳಚಿದ ಹಳೆಯದನ್ನು ಹೊಸದರ ಪಕ್ಕ ಹಲಗೆಯ ಮೇಲೆ ಮಲಗಿಸಿದಾಗ ವ್ಯತ್ಯಾಸ ಎದ್ದು ಕಂಡಿತು. ಹೊಸದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಲಗಡೆಯ ಹಳೆಯದರ ನಡುಭಾಗದಲ್ಲಿ ಸುತ್ತುಗಳ ನಡುವೆ ಟಾರ್ಚಿನ ಬೆಳಕು ಆಚೆ ದಾಟುತ್ತಿತ್ತು. ಕೊಕ್ಕೆಯ ಬಾಯಿಯೂ ತೆರೆದುಕೊಂಡಿತ್ತು. ಬಾಗಿಲು ಕೊನೆಯಲ್ಲಿ ಪೂರ್ತಿ ಮುಚ್ಚದೆ ನೇತಾಡುತ್ತಿದ್ದದ್ದು ಇದಕ್ಕೇ.

ಸ್ಪ್ರಿಂಗ್ ಬಿಟ್ಟಿರುವಾಗಲೇ ತೋಳುಗಳನ್ನೂ ಬದಲಿಸಿದೆ. ಏಣಿ ಬಾಗಿಲ ಮೇಲೆ ಮಡಚಿ ಕೂತಿರುತ್ತದಲ್ಲ, ಎಲ್ಲ ಬೋಲ್ಟುಗಳೂ ಮೇಲಿನಿಂದಲೇ ಕೈಗೆ ಸಿಗುತ್ತವೆ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋಗಬೇಕು. ಹೀಗೆ ಮಾಡಿದರೆ ಯಾವ ವಾಷರ್ ಎಲ್ಲಿಗೆ ಅನ್ನುವುದಕ್ಕೆ ಮುಟ್ಟದ ಕಡೆಯೇ ಮಾದರಿ. ತಿರುಗುವ ಜಾಗಗಳಿಗೆ ಒಳಗೆ ನೈಲಾನ್ ಉಂಗುರ ಇರುವ ನಟ್ಟು ಹಾಕಿ. ಮಾಮೂಲು ನಟ್ಟು ತೆರೆದು ಮುಚ್ಚಿ ಮಾಡುವಷ್ಟರಲ್ಲಿ ತಾನೇ ಸಡಿಲವಾಗುತ್ತದೆ. ಹಾಗಂತ ಪೂರ್ತಿ ಬಿಗಿಯಲೂಬಾರದು. ತೋಳು ಕೈಯಲ್ಲಿ ತಿರುಗಬೇಕು, ಪಕ್ಕಕ್ಕೆ ಅಲ್ಲಾಡಬಾರದು. ಅಲ್ಲಿಗೆ ನಿಲ್ಲಿಸಬೇಕು.

ಮೇಲೆ ಕೂತಾಗ ಕಂಡ ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಹೆದರಿಸಿತು. ಏಣಿಯ ಚೌಕಟ್ಟನ್ನು ಜಂತೆಗಳಿಗೆ ಹಿಡಿಸಿದ್ದು ಜಿಪ್ಸಂ ಹಲಗೆಗೆ ಹಾಕುವ ಕಪ್ಪು ಸ್ಕ್ರೂಗಳಿಂದ. ಅವು ತೆಳ್ಳಗೆ, ಪೆಡಸು. ಎಳೆತವನ್ನು ಒಂದಿಷ್ಟು ತಡೆಯುತ್ತವೆ, ಅಡ್ಡಲಾಗಿ ಭಾರ ಬಿದ್ದರೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತವೆ. ಒಂದೆರಡರ ತಲೆ ಆಗಲೇ ಹಾರಿಹೋಗಿತ್ತು. ತೋಳು ಕೂತಿರುವ ಕಬ್ಬಿಣದ ತಟ್ಟೆಯಲ್ಲಿ ದೊಡ್ಡ ತೂತು ಕೊಟ್ಟಿದ್ದರೂ ಅದನ್ನು ಖಾಲಿ ಬಿಟ್ಟಿದ್ದರು. ಏಣಿ ತಯಾರಕರು ಸಾಮಾನ್ಯವಾಗಿ ಹೇಳುವುದು 16ಡಿ ಮೊಳೆ (ಸುಮಾರು ಮೂರೂವರೆ ಇಂಚಿನದು) ಅಥವಾ ಕಾಲು ಇಂಚು ದಪ್ಪ, 3 ಇಂಚು ಉದ್ದದ ಲ್ಯಾಗ್ ಸ್ಕ್ರೂ, ಅಂದರೆ ಸ್ಪ್ಯಾನರ್‌ನಲ್ಲಿ ತಿರುಗಿಸುವ ದಪ್ಪ ಮರದ ಸ್ಕ್ರೂ. ನಾನು ಲ್ಯಾಗ್ ಸ್ಕ್ರೂ ಆರಿಸಿಕೊಂಡೆ. ಮೊದಲು ಸಣ್ಣ ತೂತು ಕೊರೆದರೆ ಮರ ಸೀಳುವುದಿಲ್ಲ. ಚೌಕಟ್ಟು ಮತ್ತು ಜಂತೆಯ ನಡುವೆ ಸಂದಿ ಇದ್ದ ಕಡೆ, ಸ್ಕ್ರೂ ಹಾಯುವ ಜಾಗದಲ್ಲೇ ಮರದ ಚಕ್ಕೆ ಕೊಟ್ಟೆ. ಚಕ್ಕೆ ಇಲ್ಲದೆ ಬಿಗಿದರೆ ಚೌಕಟ್ಟೇ ಬಾಗಿ ಬಾಗಿಲು ಉಜ್ಜಲು ಶುರುವಾಗುತ್ತದೆ. ಮನೆ ಕೊಳ್ಳುವವರು ಇದೊಂದನ್ನು ತಪ್ಪದೆ ನೋಡಬೇಕು. ಕೀಲಿನ ತಟ್ಟೆಗಳಲ್ಲಿ ಖಾಲಿ ತೂತು ಇದ್ದರೆ, ಕಪ್ಪು ಸ್ಕ್ರೂ ಕಂಡರೆ, ಆ ಏಣಿ ಹತ್ತಬೇಡಿ.

ಹೊಸ ಸ್ಪ್ರಿಂಗ್ ಸಿಕ್ಕಿಸಿ, ಊರುಗೋಲು ತೆಗೆಸಿ, ಬಾಗಿಲು ಇಳಿಸಿದಾಗ ಅದು ಕಿರುಗುಟ್ಟದೆ ಸಮನಾಗಿ ಬಂತು. ಉಳಿದದ್ದು ಕಾಲಿನ ಅಳತೆ.

ಕೆಳಗಿನ ತುಂಡು ಬಿಚ್ಚುವ ಮೊದಲು ಎರಡೂ ತೋಳುಗಳು ಮಡಚದ ಹಾಗೆ ಸಿ-ಕ್ಲ್ಯಾಂಪ್ (ತಿರುಪು ಬಿಗಿದು ಹಿಡಿಯುವ ಸಿ ಆಕಾರದ ಹಿಡಿಕೆ) ಹಾಕಿದೆ. ಮೇಲೆ ಹೇಳಿದೆನಲ್ಲ, ತೂಕ ಕಡಿಮೆಯಾದರೆ ಬಾಗಿಲು ಹಾರುತ್ತದೆ. ಜೊತೆಗೆ ಮನೆಯವರು ಹಗ್ಗ ಕಟ್ಟಿ ಹಿಡಿದುಕೊಂಡರು. ಮೇಲಿನ ಎರಡು ತುಂಡುಗಳನ್ನು ನೇರ ಮಾಡಿ, ತೋಳುಗಳು ಪೂರ್ತಿ ಚಾಚುವ ಹಾಗೆ ಕೆಳಗೆ ಒತ್ತಬೇಕು. ಹಾಗೆ ಒತ್ತದೆ ಅಳೆದರೆ ಅಳತೆ ಸುಳ್ಳಾಗುತ್ತದೆ. ಮರದ ಮುಂಬದಿಗೆ ಒಂದು ನೇರ ಪಟ್ಟಿ ಇಟ್ಟು ಎರಡನೇ ತುಂಡಿನ ತುದಿಯಿಂದ ನೆಲದವರೆಗೆ ಅಳೆದೆ. ಹಿಂಬದಿಗೂ ಹಾಗೇ. ಏಣಿ ಓರೆಯಾಗಿರುವುದರಿಂದ ಈ ಎರಡು ಅಳತೆ ಬೇರೆ ಬೇರೆ ಬರುತ್ತವೆ. ಅವನ್ನು ಹೊಸ ತುಂಡಿನ ಮೇಲೆ ಗುರುತು ಹಾಕಿ ನಡುವೆ ಗೆರೆ ಎಳೆದರೆ ಕತ್ತರಿಸಬೇಕಾದ ಓರೆ ತಾನೇ ಸಿಗುತ್ತದೆ. ಬಲ ಮತ್ತು ಎಡ ಕಾಲನ್ನು ಬೇರೆ ಬೇರೆಯಾಗಿ ಅಳೆಯುವುದು ಬಹಳ ಮುಖ್ಯ. ನೆಲ ಸಮ ಇರುತ್ತದೆ ಅಂತ ನಂಬಬೇಡಿ. ಜೇಡಿಮಣ್ಣಿನ ಮೇಲಿನ ನಮ್ಮ ಮನೆಯಲ್ಲಂತೂ ಎರಡು ಕಾಲಿಗೂ ವ್ಯತ್ಯಾಸ ಇತ್ತು. ಗೆರೆಗಿಂತ ಕೂದಲೆಳೆ ಆಚೆಗೆ ಕತ್ತರಿಸಿ, ಜೋಡಿಸಿ ನೋಡಿ, ಉಳಿದದ್ದನ್ನು ಮರಳು ಕಾಗದದಲ್ಲಿ ಉಜ್ಜಿ ಇಳಿಸಿದೆ. ಕಾರ್ಡು ಎಲ್ಲೂ ತೂರಲಿಲ್ಲ.

ಮರದ ಮೆಟ್ಟಿಲುಗಳ ಕೆಳಗೆ ಒಂದೊಂದು ಉಕ್ಕಿನ ಸರಳು ಇರುತ್ತದೆ, ಎರಡು ತುದಿಗೂ ನಟ್ಟು. ಅಟ್ಟದ ಬಿಸಿಗೆ ಮರ ಒಣಗಿ ಕುಗ್ಗುವುದರಿಂದ ಇವು ಸಡಿಲವಾಗುತ್ತವೆ. ಎಲ್ಲವನ್ನೂ ಒಮ್ಮೆ ಬಿಗಿದೆ.

ಇಂಥ ಕೆಲಸಕ್ಕೆ ಇಲ್ಲಿ ಬೇಸಿಗೆ ಬೇಡವೇ ಬೇಡ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಇರುವ ದಿನ ಅಟ್ಟದಲ್ಲಿ 130 ದಾಟುತ್ತದೆ. ಬೆವರು ಕಣ್ಣಿಗೆ ಇಳಿಯುತ್ತಿರುವಾಗ ಸ್ಪ್ರಿಂಗ್ ಮುಟ್ಟಬಾರದು. ಚಳಿ ಬಿದ್ದ ಮೇಲೆ, ಬೆಳಗಿನ ಹೊತ್ತು ಒಳ್ಳೆಯದು. ಬಿಸಿ ತಡೆಯಲು ಅಟ್ಟದಲ್ಲಿ ಹಾಕಿರುವ ಗಾಜಿನ ನಾರಿನ ಹಾಸು ಮೈಗೆ ತಾಗಿದರೆ ತುರಿಕೆ. ತುಂಬು ತೋಳಿನ ಅಂಗಿ, ಕೈಗವಸು, ಎನ್-95 ಮಾಸ್ಕ್ ಇರಲಿ.

ಇಲ್ಲಿನ ಕನ್ನಡದವರ ಮನೆಗಳಲ್ಲಿ ಅಟ್ಟ ಅಂದರೆ ಸೂಟ್‌ಕೇಸು, ದೊಡ್ಡ ಪಾತ್ರೆ, ದಸರಾ ಗೊಂಬೆಯ ಡಬ್ಬಗಳು. ನವರಾತ್ರಿ ಬಂತು ಅಂದರೆ ಆ ಭಾರದ ಡಬ್ಬ ಎದೆಗೆ ಅವಚಿಕೊಂಡು, ಕೈಗೆ ಹಿಡಿತ ಇಲ್ಲದೆ, ಹಿಂದೆ ಹಿಂದೆ ಇಳಿಯುತ್ತಾರೆ. ಊರಿಂದ ಬಂದಿರುವ ಅಪ್ಪ ಅಮ್ಮ ಕೆಳಗೆ ಕೈ ಚಾಚಿ ನಿಂತಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಒಬ್ಬರು, ನಡುವೆ ಯಾರೂ ಇಲ್ಲ, ಡಬ್ಬ ಹಗ್ಗದಲ್ಲಿ ಇಳಿಯಲಿ. ಅದಕ್ಕೂ ಮೊದಲು ಕಾಲಿನ ಕೆಳಗೆ ಕಾರ್ಡು ತೂರಿಸಿ ನೋಡಿ.

ಎಲ್ಲ ಏಣಿಯೂ ರಿಪೇರಿಗೆ ಯೋಗ್ಯ ಅಲ್ಲ. ಉದ್ದದ ಮರ ಎಳೆಯ ಜಾಡಿನಲ್ಲಿ ಸೀಳಿದ್ದರೆ, ಕೀಲಿನ ಬೋಲ್ಟಿನ ತೂತು ಮರದಲ್ಲೇ ದೊಡ್ಡದಾಗಿದ್ದರೆ, ಹೊಸ ಕಬ್ಬಿಣ ಹಾಕಿ ಉಪಯೋಗ ಇಲ್ಲ. ಪೂರ್ತಿ ಬದಲಿಸಿ. ಛಾವಣಿಯ ಟ್ರಸ್ (ಛಾವಣಿಯ ಭಾರ ಹೊರುವ ಮರದ ತ್ರಿಕೋನ ಚೌಕಟ್ಟು) ಕತ್ತರಿಸಿ ಏಣಿ ಕೂರಿಸಿದ್ದು ಕಂಡರೆ ಅದು ಏಣಿಯ ರಿಪೇರಿಯೇ ಅಲ್ಲ. ಅಲ್ಲಿಗೆ ಸ್ಟ್ರಕ್ಚರಲ್ ಇಂಜಿನಿಯರನ್ನೇ ಕರೆಸಬೇಕು.