ಬೀದರಿನ ಚಳಿಗೆ ಲಿಂಬೆ ಅಂಜಲ್ಲ, ನೀರಿಗೆ ಅಂಜುತ್ತದೆ

ಡಿಸೆಂಬರ್ ಬಂತೆಂದರೆ ಬೀದರಿನ ಮನೆಯಂಗಳದ ಲಿಂಬೆ ಗಿಡಗಳಲ್ಲಿ ಎಲೆ ಹಳದಿಯಾಗುತ್ತದೆ, ಚಿಗುರು ನಿಲ್ಲುತ್ತದೆ. ಗಿಡ ಚಳಿಗೆ ಹೋಯಿತು ಅಂತ ಗಾಬರಿಯಾಗಿ ಎರಡು ಕೊಡ ನೀರು ಜಾಸ್ತಿ, ಒಂದು ಹಿಡಿ ಯೂರಿಯಾ ಹಾಕುವವರೇ ಹೆಚ್ಚು. ಎರಡೂ ಬೇಡ.

2,000 ಅಡಿಗಿಂತ ಎತ್ತರದ ಊರು ಇದು. ಕೆಲವು ರಾತ್ರಿ ಉಷ್ಣತೆ ಒಂದಂಕಿಗೆ ಇಳಿಯುತ್ತದೆ, ನಿಜ. ಆದರೆ ಲಿಂಬೆಯನ್ನು ಕೊಲ್ಲುವುದು ನೀರು ಹೆಪ್ಪುಗಟ್ಟುವಂಥ ಚಳಿ. ಸುಮಾರು 13 ಡಿಗ್ರಿಗಿಂತ ಕೆಳಗಾದರೆ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಆಗ ಬೇರು ಹೆಚ್ಚು ನೀರು ಎಳೆಯುವುದಿಲ್ಲ. ಸುರಿದದ್ದು ಬುಡದಲ್ಲೇ ನಿಂತು ಬೇರು ಕೊಳೆಯುತ್ತದೆ.

ಜಾಗ ಮತ್ತು ನಾಟಿ

ಮನೆಯ ದಕ್ಷಿಣಕ್ಕೆ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಜಾಗ ನೋಡಿ. ಹಗಲು ಕಾದ ಕಲ್ಲಿನ ಗೋಡೆ ರಾತ್ರಿ ಗಿಡಕ್ಕೆ ಬಿಸುಪು ಕೊಡುತ್ತದೆ. ತಗ್ಗು ಬೇಡ, ಅಲ್ಲಿ ನೀರೂ ನಿಲ್ಲುತ್ತದೆ, ತಣ್ಣನೆ ಗಾಳಿಯೂ ನಿಲ್ಲುತ್ತದೆ.

ಜೂನ್‌ನಲ್ಲಿ ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ನೆಟ್ಟರೆ ಚಳಿಯ ಹೊತ್ತಿಗೆ ಬೇರು ಊರಿರುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಬೀದರಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಕಲಬುರಗಿ ಕಡೆಯ ಎರೆ ಮಣ್ಣಾದರೆ ಅರ್ಧ ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನೊಳಗೆ ಹೋಗಬಾರದು. ಕಾಗ್ಜಿ ಲಿಂಬೆಗೆ ಬೀಜದ ಸಸಿಯೂ ನಡೆಯುತ್ತದೆ, ಹಣ್ಣಿಗೆ ಒಂದೆರಡು ವರ್ಷ ಹೆಚ್ಚು ಕಾಯಬೇಕು.

ಮೊದಲ ಚಳಿಗಾಲ ಸಸಿಗೆ ಜೋಳದ ಕಣಿಕೆಯ ಮರೆ ಕಟ್ಟಿ, ದಕ್ಷಿಣದ ಕಡೆ ತೆರೆದಿರಲಿ. ಬುಡಕ್ಕೆ ತೊಗರಿ ಹೊಟ್ಟು ಹರಡಿ, ಕಾಂಡದಿಂದ ಒಂದು ಗೇಣು ದೂರ ಬಿಟ್ಟು.

ಚಳಿಯಿಂದಲೇ ಹೂವು

ಚಳಿ ಮತ್ತು ಒಣ, ಎರಡೂ ಸೇರಿದರೆ ಲಿಂಬೆ ಹೂವಿಗೆ ತಯಾರಾಗುತ್ತದೆ. ಆದ್ದರಿಂದ ನಾಲ್ಕು ವರ್ಷ ದಾಟಿದ ಗಿಡಕ್ಕೆ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ನಿಲ್ಲಿಸಿ. ಕೆಂಪು ಮಣ್ಣಿಗೆ ಮೂರು ವಾರ, ಎರೆಗೆ ಒಂದು ತಿಂಗಳೂ ಆಗಬಹುದು. ದಿನ ಎಣಿಸಬೇಡಿ, ಎಲೆ ನೋಡಿ. ಹೊಳಪು ಹೋಗಿ, ಮಧ್ಯಾಹ್ನ ಸ್ವಲ್ಪ ಬಾಡಿ, ಒಂದಷ್ಟು ಎಲೆ ಉದುರಿದರೆ ಸಾಕು. ಪೂರ್ತಿ ಬೋಳಾಗುವವರೆಗೆ ಬಿಟ್ಟರೆ ಗಿಡವೇ ಸೊರಗುತ್ತದೆ. ಆಮೇಲೆ ಬುಡ ಮೆಲ್ಲಗೆ ಕೆದಕಿ, ತಿಪ್ಪೆಗೊಬ್ಬರ, ಬೇವಿನ ಹಿಂಡಿ ಹಾಕಿ ಹಗುರಾಗಿ ನೀರು ಕೊಡಿ. ನಾಲ್ಕೈದು ದಿನ ಬಿಟ್ಟು ತುಂಬಾ ನೀರು. ಎಳೆ ಗಿಡಕ್ಕೆ ಈ ಉಪವಾಸ ಬೇಡ.

ಹೀಗೆ ತರಿಸುವ ಹೂವಿನ ಹಂಗಾಮಿಗೇ ಅಂಬೆ ಬಹಾರ ಅನ್ನುತ್ತಾರೆ, ಕಾಯಿ ಮಳೆಗಾಲಕ್ಕೆ ಸಿಗುತ್ತದೆ. ಬೇಸಿಗೆಯ ದುಬಾರಿ ಲಿಂಬೆ ಬೇಕಾದವರು ಹಸ್ತ ಬಹಾರಕ್ಕೆ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ಹೂವಿಗೆ, ಗಿಡ ಒಣಗಿಸುತ್ತಾರೆ. ಮಳೆಯ ನಡುವೆ ಆ ಸರ್ಕಸ್ ಮನೆ ಗಿಡಕ್ಕೆ ಯಾಕೆ, ಅಲ್ವಾ?

ಹಳದಿ ಎಲೆ, ಅಂಟು, ಹುಳು

ಫೆಬ್ರುವರಿಯ ಹೊಸ ಚಿಗುರಲ್ಲೂ ನರ ಹಸಿರಾಗಿ ನಡುವೆ ಹಳದಿ ಉಳಿದರೆ ಅದು ಚಳಿಯದ್ದಲ್ಲ. ಸಣ್ಣ ಎಲೆ, ಮಚ್ಚೆ ಮಚ್ಚೆ ಹಳದಿ ಇದ್ದರೆ ಸತುವಿನ ಕೊರತೆ: ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಕಲಸಿ ಸಿಂಪಡಿಸಿ. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಕಬ್ಬಿಣದ ಕೊರತೆಯೂ ಇರುತ್ತದೆ.

ಕಾಂಡದಿಂದ ಅಂಟು ಸೋರಿದರೆ ಹೆಚ್ಚಾಗಿ ಬುಡದಲ್ಲಿ ನೀರು ನಿಂತಿರುತ್ತದೆ. ಅಂಟು ಕೆರೆದು ಬೋರ್ಡೋ ಮುಲಾಮು ಬಳಿಯಿರಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ. ಮಳೆಗಾಲದ ಮೊದಲು ಮತ್ತು ನಂತರ ಎರಡಡಿ ಎತ್ತರದವರೆಗೆ ಬಳಿದರೆ ಇನ್ನೂ ಒಳ್ಳೆಯದು.

ಚಿಗುರಿನ ಮೇಲೆ ಹಕ್ಕಿ ಹಿಕ್ಕೆ ಕಂಡರೆ ಹತ್ತಿರ ಹೋಗಿ ನೋಡಿ. ಅದು ಚಿಟ್ಟೆಯ ಮರಿಹುಳು. ಬೆಳೆದ ಮೇಲೆ ಹಸಿರಾಗಿ ಎಲೆಯಲ್ಲೇ ಮರೆಯಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ. ಒಂದೆರಡು ಗಿಡವಾದರೆ ಕೈಯಿಂದ ಆರಿಸಿ ತೆಗೆಯಿರಿ, ಔಷಧಿ ತರಬೇಕಿಲ್ಲ.